ಓದಿದ್ದು ತಲೆಯಲ್ಲಿ ಉಳಿಯಬೇಕೇ? ಪುಸ್ತಕ ಮುಚ್ಚಿ

ಸಂಜೆಯೆಲ್ಲ ಕೂತು ಮೂರು ಸಲ ಓದಿದ ಪಾಠ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅಮ್ಮ ಒಂದು ಪ್ರಶ್ನೆ ಕೇಳಿದರೆ ಉತ್ತರ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಲ್ಲುತ್ತದೆ. ‘ಓದಿದ್ದೆ ಅಮ್ಮಾ, ನಿನ್ನೆ ಎಲ್ಲಾ ಬರ್ತಿತ್ತು’ ಎನ್ನುವ ಮಗುವಿಗೆ ಸಿಗುವುದು ಬೈಗುಳ. ಆ ಬೈಗುಳ ಅನ್ಯಾಯದ್ದು. ಮಗು ಓದಿದ್ದೂ ನಿಜ, ನಿನ್ನೆ ಬರುತ್ತಿದ್ದುದೂ ನಿಜ. ನೆನಪು ಹೇಗೆ ಕೂರುತ್ತದೆ, ಹೇಗೆ ಜಾರುತ್ತದೆ ಎಂದು ಮನೋವಿಜ್ಞಾನಿಗಳು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಅಳೆದು ನೋಡುತ್ತಿದ್ದಾರೆ. ಅವರು ಕಂಡುಕೊಂಡದ್ದು ನಮ್ಮ ಮಕ್ಕಳ ಓದುವ ಮೇಜಿಗೆ ಇನ್ನೂ ಸರಿಯಾಗಿ ತಲುಪಿಲ್ಲ.

ಹೃದಯದಲ್ಲಿ ರಕ್ತ ಹರಿಯುವ ಬಗೆಯನ್ನು ಹತ್ತನೇ ತರಗತಿಯ ಮಗು ಓದುತ್ತಿದೆ ಎಂದಿಟ್ಟುಕೊಳ್ಳಿ. ಬೇಕಾದದ್ದು ಪಠ್ಯಪುಸ್ತಕ, ಒಂದು ರಫ್ ನೋಟ್‌ಬುಕ್, ಒಂದಷ್ಟು ರಟ್ಟಿನ ಚೀಟಿಗಳು (ಹಳೆಯ ಮದುವೆ ಪತ್ರಿಕೆಗಳನ್ನು ಕತ್ತರಿಸಿದರೂ ಸಾಕು), ನಾಲ್ಕು ಖಾಲಿ ಡಬ್ಬಿ.

ಹೆಜ್ಜೆ 1: ತುತ್ತು ಚಿಕ್ಕದಿರಲಿ

ಮೊಬೈಲ್ ನಂಬರ್ ಹೇಳುವಾಗ ಹತ್ತೂ ಅಂಕಿಯನ್ನು ಒಂದೇ ಉಸಿರಿಗೆ ಹೇಳುವುದಿಲ್ಲ. ಐದು ಹೇಳಿ ನಿಲ್ಲುತ್ತೇವೆ. ಕೇಳುವವರ ತಲೆ ಒಮ್ಮೆಗೆ ಎಷ್ಟು ಹಿಡಿದೀತು ಎಂಬುದು ಯಾರೂ ಕಲಿಸದೆ ನಮಗೆ ಗೊತ್ತಿದೆ. ಅಮೆರಿಕದ ಜಾರ್ಜ್ ಮಿಲ್ಲರ್ 1956ರಲ್ಲಿ ಈ ಮಿತಿ ಏಳರ ಆಸುಪಾಸು ಎಂದರು. 2001ರಲ್ಲಿ ನೆಲ್ಸನ್ ಕೋವನ್, ಅದು ನಾಲ್ಕರ ಸುತ್ತ ಎಂದು ಇನ್ನೂ ಇಳಿಸಿದರು. ಬ್ರಿಟನ್ನಿನ ಆಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಈ ತಾತ್ಕಾಲಿಕ ನೆನಪಿನ ಒಳಗನ್ನು ವಿವರಿಸುವ ಮಾದರಿ ಕೊಟ್ಟರು. ಮಾತನ್ನು ಒಳಗೊಳಗೇ ಉಚ್ಚರಿಸಿಕೊಂಡು ಹಿಡಿಯುವ ಭಾಗ ಬೇರೆ, ಕಂಡದ್ದನ್ನು ಚಿತ್ರವಾಗಿ ಹಿಡಿಯುವ ಭಾಗ ಬೇರೆ, ಇವೆರಡನ್ನೂ ನಡೆಸುವ ಮೇಲ್ವಿಚಾರಕ ಬೇರೆ.

ಹಾಗಾಗಿ ಒಮ್ಮೆಗೆ ಒಂದು ಪುಟ ಸಾಕು. ಹೃದಯದ ಚಿತ್ರದ ಮೇಲೆ ಬೆರಳಾಡಿಸುತ್ತ ರಕ್ತದ ದಾರಿಯನ್ನು ಬಾಯಲ್ಲಿ ಹೇಳಿಕೊಳ್ಳಿ. ಎರಡೂ ಭಾಗಗಳು ಒಟ್ಟಿಗೆ ದುಡಿಯುತ್ತವೆ. ಪಕ್ಕದಲ್ಲಿ ಟಿವಿ ಮಾತಾಡುತ್ತಿದ್ದರೆ ಆ ಮಾತು, ಓದಿನ ಮಾತಿಗೆ ಇರುವ ಜಾಗಕ್ಕೇ ನುಗ್ಗುತ್ತದೆ. ಮನೆಯ ದೊಡ್ಡವರು ಒಂದು ಗಂಟೆ ಧಾರಾವಾಹಿ ಬಿಡಲೇಬೇಕು.

ಹೆಜ್ಜೆ 2: ಹೊಸದನ್ನು ಹಳೆಯದಕ್ಕೆ ಗಂಟು ಹಾಕಿ

ಫರ್ಗಸ್ ಕ್ರೇಕ್ ಮತ್ತು ಎಂಡೆಲ್ ಟಲ್ವಿಂಗ್ 1975ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲವು ಪದಗಳ ಬಗ್ಗೆ ‘ಅಕ್ಷರ ದೊಡ್ಡದೋ ಚಿಕ್ಕದೋ’ ಎಂದು ಕೇಳಿದರು, ಕೆಲವಕ್ಕೆ ‘ಪ್ರಾಸ ಕೂಡುತ್ತದೆಯೇ’ ಎಂದು, ಇನ್ನು ಕೆಲವಕ್ಕೆ ‘ಈ ವಾಕ್ಯದಲ್ಲಿ ಅರ್ಥ ಹೊಂದುತ್ತದೆಯೇ’ ಎಂದು. ಅರ್ಥ ಯೋಚಿಸಿದ ಪದಗಳೇ ಹೆಚ್ಚು ಉಳಿದವು. ಆದ್ದರಿಂದ ಪ್ರತಿ ಸಾಲಿಗೂ ‘ಯಾಕೆ’ ಕೇಳಿ. ಎಡ ಹೃತ್ಕುಕ್ಷಿಯ (ಹೃದಯದ ಕೆಳಗಿನ ಕೋಣೆ) ಗೋಡೆ ಯಾಕೆ ದಪ್ಪ? ಬಲದ್ದು ಪಕ್ಕದ ಶ್ವಾಸಕೋಶಕ್ಕೆ ರಕ್ತ ತಳ್ಳಿದರೆ ಸಾಕು; ಎಡದ್ದು ಉಂಗುಷ್ಠದವರೆಗೆ ತಳ್ಳಬೇಕು. ಇಷ್ಟು ಹೊಳೆದ ಮಗು ಆ ಸಾಲನ್ನು ಉರು ಹೊಡೆಯಬೇಕಿಲ್ಲ.

ಅರ್ಥವೇ ಇಲ್ಲದ ಅಂಕಿಗಳಿಗೆ ನಾವೇ ಅರ್ಥ ಕೊಡಬಹುದು. ಅಮೆರಿಕದಲ್ಲಿ 1980ರಲ್ಲಿ ವರದಿಯಾದ ಒಂದು ಅಧ್ಯಯನದಲ್ಲಿ, ಮೊದಲು ಏಳು ಅಂಕಿ ಮಾತ್ರ ಹಿಡಿಯುತ್ತಿದ್ದ ಒಬ್ಬ ಕಾಲೇಜು ಹುಡುಗ ಸುಮಾರು 20 ತಿಂಗಳ ಅಭ್ಯಾಸದಲ್ಲಿ 79 ಅಂಕಿಗಳವರೆಗೆ ಹೋದ. ಅವನು ಓಟಗಾರ. 3492 ಎಂದರೆ ಅವನಿಗೆ ‘ಒಂದು ಮೈಲಿಗೆ 3 ನಿಮಿಷ 49.2 ಸೆಕೆಂಡು’. ಅಂಕಿಯ ಬದಲು ಅಕ್ಷರ ಕೊಟ್ಟಾಗ ಮತ್ತೆ ಆರಕ್ಕೆ ಇಳಿದ. ನೆನಪಿನ ಜಾಗ ಹಿಗ್ಗಿರಲಿಲ್ಲ, ಗಂಟು ಹಾಕುವ ಕೈ ಪಳಗಿತ್ತು. ನಮ್ಮ ಸಂಗೀತಗಾರರಿಗೆ ಇದು ಹೊಸತಲ್ಲ. ಅಕ್ಷರಕ್ಕೊಂದು ಅಂಕಿ ಕೊಡುವ ಕಟಪಯಾದಿ ಸೂತ್ರದಲ್ಲಿ ಮಾಯಾಮಾಳವಗೌಳ ರಾಗದ ‘ಮಾ’ ಐದು, ‘ಯಾ’ ಒಂದು. ತಿರುಗಿಸಿದರೆ 15, ಅದು 15ನೆಯ ಮೇಳಕರ್ತ (ಮೂಲ ರಾಗ). ಮೇಚಕಲ್ಯಾಣಿಯ ‘ಮೇ’ ಐದು, ‘ಚ’ ಆರು, 65ನೆಯದು. ಎಪ್ಪತ್ತೆರಡು ಸಂಖ್ಯೆಗಳೂ ಹೆಸರುಗಳ ಒಳಗೇ ಕೂತಿವೆ. ಎಂಥ ಚೆಂದದ ಏರ್ಪಾಡು!

ಹೆಜ್ಜೆ 3: ಪುಸ್ತಕ ಮುಚ್ಚಿ ಬರೆಯಿರಿ

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ಪುಟ ಓದಿ ಮುಗಿದ ಕೂಡಲೇ ಪುಸ್ತಕ ಮುಚ್ಚಿ. ರಫ್ ನೋಟ್‌ಬುಕ್ಕಿನಲ್ಲಿ ನೆನಪಾದದ್ದನ್ನೆಲ್ಲ ಬರೆಯಿರಿ, ಚಿತ್ರವನ್ನೂ ಬಿಡಿಸಿ. ನಡುವೆ ಸಿಕ್ಕಿಕೊಂಡರೆ ಇಣುಕಬೇಡಿ. ಒಂದೆರಡು ನಿಮಿಷ ತಡಕಾಡಿ.

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರು ಅವಧಿ ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು: ಅವರಿಗೆ ಶೇ 83, ಬರೆದವರಿಗೆ ಶೇ 71. ವಾರದ ಬಳಿಕ ಓದಿದವರು ಶೇ 40ಕ್ಕೆ ಕುಸಿದರು, ಬರೆದವರು ಶೇ 61ರಲ್ಲಿ ನಿಂತರು. ‘ನಮಗೆ ಚೆನ್ನಾಗಿ ನೆನಪಿರುತ್ತದೆ’ ಎಂದು ಹೆಚ್ಚು ನಂಬಿದ್ದವರು ಮಾತ್ರ ಓದಿದವರೇ. ‘ನಿನ್ನೆ ಎಲ್ಲಾ ಬರ್ತಿತ್ತು’ ಎನ್ನುವ ಮಗುವಿಗೆ ಆಗುವುದೂ ಇದೇ. ಕಣ್ಣಿಗೆ ಪರಿಚಿತವಾದ ಸಾಲನ್ನು ಮನಸ್ಸು ‘ಗೊತ್ತು’ ಎಂದು ಲೆಕ್ಕ ಹಾಕಿಕೊಳ್ಳುತ್ತದೆ. ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದಷ್ಟೂ ಆ ಪರಿಚಯ ಬೆಳೆಯುತ್ತದೆ, ನೆನಪು ಬೆಳೆಯುವುದಿಲ್ಲ.

ಮಗ್ಗಿ ಒಪ್ಪಿಸುವುದನ್ನು ಹಳೇ ಕಾಲದ ಪದ್ಧತಿ ಎಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮೇಷ್ಟರ ಎದುರು ಪುಸ್ತಕವಿಲ್ಲದೆ ನಿಂತು ಹೇಳುವುದೆಂದರೆ ಒಳಗಿನಿಂದ ಎಳೆದು ತೆಗೆಯುವುದೇ. ಬೆತ್ತದ ಭಯ ಹೋಗಲಿ, ಒಪ್ಪಿಸುವುದು ಉಳಿಯಲಿ.

ಬರೆದಾದ ಮೇಲೆ ಪುಸ್ತಕ ತೆರೆದು ಹೋಲಿಸಿ, ತಪ್ಪನ್ನು ಆಗಲೇ ತಿದ್ದಿ. ಇದನ್ನು ಬಿಡುವಂತಿಲ್ಲ. ಫ್ರೆಡೆರಿಕ್ ಬಾರ್ಟ್ಲೆಟ್ 1932ರಲ್ಲೇ ತೋರಿಸಿದಂತೆ, ನೆನಪು ಇಟ್ಟದ್ದನ್ನು ಇಟ್ಟ ಹಾಗೆ ಹೊರತೆಗೆಯುವುದಿಲ್ಲ. ಪ್ರತಿ ಸಲ ಹೊಸದಾಗಿ ಕಟ್ಟುತ್ತದೆ, ಸಿಗದ ಕಡೆ ತನಗೆ ತೋಚಿದ್ದನ್ನು ತುಂಬುತ್ತದೆ.

ಹೆಜ್ಜೆ 4: ಮರೆಯಲು ಸ್ವಲ್ಪ ಬಿಡಿ, ಮತ್ತೆ ಎಬ್ಬಿಸಿ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಸುಮಾರು 2,300 ಉಚ್ಚಾರಗಳನ್ನು ಕಟ್ಟಿಕೊಂಡು, ಅವುಗಳ ಪಟ್ಟಿಗಳನ್ನು ತಾನೇ ಕಂಠಪಾಠ ಮಾಡಿ, ತಾನೇ ಮರೆತು, ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯುತ್ತದೆ ಎಂದು ವರ್ಷಗಟ್ಟಲೆ ಅಳೆದ. 1885ರಲ್ಲಿ ಪ್ರಕಟಿಸಿದ ಲೆಕ್ಕ ಇದು: ಒಂದು ಗಂಟೆಯ ಬಳಿಕ ಉಳಿತಾಯ ಶೇ 44, ಒಂದು ದಿನಕ್ಕೆ ಶೇ 34, 31 ದಿನಕ್ಕೆ ಶೇ 21. ಜಾರುವುದರಲ್ಲಿ ಬಹುಪಾಲು ಮೊದಲ ದಿನವೇ ಜಾರುತ್ತದೆ, ಆಮೇಲಿನದು ನಿಧಾನ. ಹಾಗಾಗಿ ಮೊದಲ ಮರುಪರೀಕ್ಷೆ ಮರುದಿನವೇ ಆಗಬೇಕು. ನಂತರದವುಗಳ ನಡುವೆ ಅಂತರ ಹಿಗ್ಗಿಸಬಹುದು.

ಇಲ್ಲಿ ಡಬ್ಬಿಗಳ ಕೆಲಸ. ಚೀಟಿಯ ಒಂದು ಬದಿ ಪ್ರಶ್ನೆ, ಹಿಂಬದಿ ಉತ್ತರ. ‘ಶ್ವಾಸಕೋಶದಿಂದ ಬಂದ ರಕ್ತ ಮೊದಲು ಸೇರುವುದು ಎಲ್ಲಿ?’ ತಿರುವಿದರೆ ‘ಎಡ ಹೃತ್ಕರ್ಣ’. ಮೊದಲ ಡಬ್ಬಿಯನ್ನು ದಿನವೂ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ ತೆಗೆಯಿರಿ. ಸರಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದ್ದು ಮತ್ತೆ ಮೊದಲನೆಯದಕ್ಕೆ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಪ್ರಚಾರಕ್ಕೆ ತಂದ ಕ್ರಮ ಇದು. ದಿನಗಳ ಲೆಕ್ಕವನ್ನು ನಿಮ್ಮ ಅನುಕೂಲಕ್ಕೆ ಬದಲಿಸಿಕೊಳ್ಳಿ.

ನಿಧಾನವಾಯಿತು ಎಂದು ಮಗು ಬೇಸರಪಡುತ್ತದೆ, ಅದಕ್ಕೆ ಸಿದ್ಧರಿರಿ. ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸಿದ ಅಧ್ಯಯನವೊಂದು 1978ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೇ ಗಂಟೆ ಕಲಿತವರು, ದಿನಕ್ಕೆ ನಾಲ್ಕು ಗಂಟೆ ಕಲಿತವರಿಗಿಂತ ಒಟ್ಟಾರೆ ಕಡಿಮೆ ಗಂಟೆಗಳಲ್ಲಿ ಕೀಲಿಮಣೆ ಕಲಿತರು. ಆದರೂ ಕಲಿಕೆಯ ಬಗ್ಗೆ ಹೆಚ್ಚು ಅತೃಪ್ತಿ ಇದ್ದದ್ದು ಅವರಿಗೇ.

ಹೆಜ್ಜೆ 5: ಮಲಗಿ

ಕಲಿತ ಬಳಿಕ ಎಚ್ಚರವಿದ್ದಾಗಿಗಿಂತ ನಿದ್ದೆ ಮಾಡಿದಾಗ ಹೆಚ್ಚು ಉಳಿಯುತ್ತದೆ ಎಂಬುದನ್ನು ಜೆಂಕಿನ್ಸ್ ಮತ್ತು ಡಾಲನ್‌ಬಾಕ್ 1924ರಲ್ಲೇ ಕಂಡಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಮೊದಲ ಡಬ್ಬಿಯಲ್ಲಿ ಉಳಿದ ಚೀಟಿಗಳನ್ನಷ್ಟೇ ಒಮ್ಮೆ ಕೇಳಿ, ಹತ್ತು ಗಂಟೆಗೆ ದೀಪ ಆರಿಸಿ.