ಟೇಪು ಯಾವ ಗೋಡೆಯಿಂದ ಹಿಡಿಯಬೇಕು?

ಇಂಗ್ಲೆಂಡಿನ ರೆಡಿಂಗ್ ಊರಲ್ಲಿ ನಾವು ಕೊಂಡಿದ್ದು 1930ರ ದಶಕದ ಒಂದು ಸೆಮಿ. ಎರಡು ಮನೆ, ನಡುವೆ ಒಂದೇ ಗೋಡೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ. ಊರಿಂದ ಅಮ್ಮ ಬಂದು ಆರು ತಿಂಗಳು ಇದ್ದಾಗಲಂತೂ ದೋಸೆ ಹುಯ್ಯುವವರು ಒಳಗೆ, ತಿನ್ನುವವರು ಮೆಟ್ಟಿಲ ಮೇಲೆ. 2022ರಲ್ಲಿ ಹಿಂದಕ್ಕೆ ಒಂದು ಕೋಣೆ ಕಟ್ಟಿಸಿಬಿಡೋಣ ಅಂತ ಹೊರಟೆವು.

ಆಫೀಸಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: 'ಮೂರು ಮೀಟರ್‌ವರೆಗೆ ಪ್ಲಾನಿಂಗ್ ಪರ್ಮಿಷನ್ ಬೇಡ, ಕಟ್ಟಿಸ್ಕೊ.' ಮಾತು ಸುಳ್ಳಲ್ಲ. ಇಂಗ್ಲೆಂಡಿನಲ್ಲಿ ಇದಕ್ಕೆ ಪರ್ಮಿಟೆಡ್ ಡೆವಲಪ್‌ಮೆಂಟ್ ಅಂತಾರೆ. 2015ರ ಒಂದು ಸರ್ಕಾರಿ ಆದೇಶವೇ ಅನುಮತಿಯನ್ನು ಮೊದಲೇ ಕೊಟ್ಟಿಟ್ಟಿದೆ, ಅದರ ಅಳತೆಯೊಳಗೆ ಕಟ್ಟಿದರೆ ಪೂರ್ತಿ ಅರ್ಜಿ ಹಾಕಬೇಕಿಲ್ಲ. ಒಂದೇ ಮಹಡಿ, ಹಿಂಬದಿಗೆ: ಸೆಮಿ ಅಥವಾ ಸಾಲುಮನೆಗೆ 3 ಮೀಟರ್, ಒಂಟಿಮನೆಗೆ 4 ಮೀಟರ್. ಸ್ಕಾಟ್ಲೆಂಡ್, ವೇಲ್ಸ್‌ಗಳ ಲೆಕ್ಕ ಬೇರೆ. ಫ್ಲ್ಯಾಟಿನವರಿಗೆ ಈ ಸೌಲಭ್ಯವೇ ಇಲ್ಲ.

ನಾನು ಅಡುಗೆಮನೆಯ ಹಿಂದಿನ ಗೋಡೆಗೆ ಟೇಪು ಹಚ್ಚಿ, ಹುಲ್ಲಿನ ಮೇಲೆ 3 ಮೀಟರ್‌ಗೆ ಗೂಟ ಹೊಡೆದೆ. ನಕ್ಷೆ ಬರೆಯಲು ಬಂದ ಹುಡುಗ ಗೂಟದ ಕಡೆ ನೋಡಲೇ ಇಲ್ಲ. ಮನೆಯ ಪಕ್ಕಕ್ಕೆ ಹೋಗಿ ಇಟ್ಟಿಗೆ ಸವರತೊಡಗಿದ. 'ಇಲ್ಲಿ ನೋಡಿ' ಅಂದ. ನೆಲದಿಂದ ಸೂರಿನವರೆಗೆ ಗಾರೆಯ ಒಂದು ನೇರ ಗೆರೆ. ಗೆರೆಯ ಈಚೆಗೆ ಒರಟು ಕೆಂಪು ಇಟ್ಟಿಗೆ, ಆಚೆಗೆ ನಯವಾದ ಕಂದು ಇಟ್ಟಿಗೆ. ಎರಡೂ ಒಂದಕ್ಕೊಂದು ಹೆಣೆದುಕೊಂಡಿಲ್ಲ, ಸುಮ್ನೆ ತಾಗಿಕೊಂಡು ನಿಂತಿವೆ. ಅಂದರೆ ನಾವು ಅಡುಗೆಮನೆ ಅಂದುಕೊಂಡಿದ್ದರ ಅರ್ಧ ಭಾಗ ಯಾರೋ ಹಳೇ ಮಾಲೀಕರು ಆಮೇಲೆ ಸೇರಿಸಿದ್ದು. 2.4 ಮೀಟರ್.

ಎಲ್ಲಾ ತೊಡಕು ಇರುವುದು ಇಲ್ಲೇ. ಅಳತೆ ಹಿಡಿಯಬೇಕಾದ್ದು ಈಗಿನ ಗೋಡೆಯಿಂದ ಅಲ್ಲ, 'ಮೂಲ ಮನೆ'ಯ ಗೋಡೆಯಿಂದ. ಮೂಲ ಮನೆ ಅಂದರೆ 1948ರ ಜುಲೈ 1ರಂದು ಮನೆ ಹೇಗಿತ್ತೋ ಹಾಗೆ, ಆಮೇಲೆ ಕಟ್ಟಿದ್ದಾದರೆ ಮೊದಲು ಕಟ್ಟಿದಾಗ ಇದ್ದ ಹಾಗೆ. ನಡುವೆ ಯಾರು ಏನು ಸೇರಿಸಿದ್ದರೂ ಅದು ನಮ್ಮ ಖಾತೆಗೇ ಖರ್ಚು. ನನ್ನ 3 ಮೀಟರ್‌ನಲ್ಲಿ ಉಳಿದದ್ದು 60 ಸೆಂಟಿಮೀಟರ್. ಒಂದು ಫ್ರಿಜ್ ಇಡಬಹುದು, ಅಷ್ಟೇ.

ಇನ್ನೊಂದು ದಾರಿ ಇತ್ತು. 2013ರಲ್ಲಿ ತಾತ್ಕಾಲಿಕ ಅಂತ ಬಂದು 2019ರಲ್ಲಿ ಕಾಯಂ ಆದದ್ದು. ಸೆಮಿಗೆ 6 ಮೀಟರ್‌ವರೆಗೆ, ಒಂಟಿಮನೆಗೆ 8 ಮೀಟರ್‌ವರೆಗೆ ಹೋಗಬಹುದು, ಆದರೆ ಮೊದಲೇ ಕೌನ್ಸಿಲ್‌ಗೆ, ಅಂದರೆ ಊರಿನ ಸ್ಥಳೀಯ ಆಡಳಿತಕ್ಕೆ, ತಿಳಿಸಬೇಕು. ಇದಕ್ಕೆ ಪ್ರಯರ್ ಅಪ್ರೂವಲ್ ಅಂತ ಹೆಸರು. ಆಗ ಶುಲ್ಕ 96 ಪೌಂಡ್, ಈಗ ಜಾಸ್ತಿಯಾಗಿದೆ. ಕೌನ್ಸಿಲ್‌ನವರು ಅಕ್ಕಪಕ್ಕದವರಿಗೆ ಕಾಗದ ಬರೆದು 21 ದಿನ ಕೊಡುತ್ತಾರೆ. ಯಾರೂ ಆಕ್ಷೇಪ ಎತ್ತದಿದ್ದರೆ ಸಲೀಸು. ಎತ್ತಿದರೆ ಅವರ ಬೆಳಕಿಗೆ, ನೆಮ್ಮದಿಗೆ ಎಷ್ಟು ತೊಂದರೆ ಅಂತ ಕೌನ್ಸಿಲ್ ತೂಗಿ ನೋಡುತ್ತದೆ. ಒಟ್ಟು 42 ದಿನದೊಳಗೆ ಉತ್ತರ ಬರಬೇಕು. ಅಲ್ಲಿಯವರೆಗೆ ಗುದ್ದಲಿ ಮುಟ್ಟುವ ಹಾಗಿಲ್ಲ.

ಅಂದರೆ ನನ್ನ ಅಡುಗೆಮನೆ ನಿಂತಿದ್ದು ಗೋಡೆಯಾಚೆಯ ಅಜ್ಜಿಯ ಮೇಲೆ. ಅವರ ಅಡುಗೆಮನೆ ಕಿಟಕಿ ನಮ್ಮ ಬೇಲಿಗೆ ಹತ್ತಿರ. ಕೌನ್ಸಿಲ್‌ನ ಕಾಗದ ಅವರ ಬಾಗಿಲಿಗೆ ಬೀಳುವ ಮೊದಲೇ ನಾನು ಹೋಗಿ ಕೂತೆ. ನಕ್ಷೆ ತೋರಿಸಿದರೆ ತಲೆ ಆಡಿಸಿದರು, ಅರ್ಥವಾದ ಹಾಗೆ ಕಾಣಲಿಲ್ಲ. ನಕ್ಷೆ ನನಗೇ ಅರ್ಥವಾಗಿರಲಿಲ್ಲ ಬಿಡಿ. ಮಾರನೆಯ ದಿನ ಹಿತ್ತಿಲಲ್ಲಿ ಎರಡು ಬಿದಿರು ನೆಟ್ಟು, ಸೂರು ಬರುವ 2.6 ಮೀಟರ್ ಎತ್ತರಕ್ಕೆ ದಾರ ಕಟ್ಟಿ, ಅವರ ಕಿಟಕಿಯಿಂದಲೇ ನೋಡಿ ಅಂದೆ. 6 ಮೀಟರ್‌ಗೆ ಕಟ್ಟಿದ ದಾರ ನೋಡಿ ಅವರ ಮುಖ ಸಣ್ಣದಾಯಿತು. ಬಿದಿರು ಕಿತ್ತು ಹಿಂದಕ್ಕೆ ತಂದೆ. 5ಕ್ಕೂ ಮನಸ್ಸಿಲ್ಲ. 4.5ಕ್ಕೆ ಬಂದಾಗ 'ಮಧ್ಯಾಹ್ನದ ಬಿಸಿಲು ಉಳಿಯಿತಲ್ಲ, ಸಾಕು' ಅಂದರು. ಅರ್ಜಿಯಲ್ಲಿ 4.5 ಅಂತಲೇ ಬರೆದೆ. ಆಕ್ಷೇಪ ಬರಲಿಲ್ಲ.

ಹಳೇ ಭಾಗ ಕೆಡವಿ, ಮೂಲ ಗೋಡೆಯಿಂದ 4.5 ಮೀಟರ್ ಹೊಸದಾಗಿ ಕಟ್ಟುವುದು ಅಂತ ತೀರ್ಮಾನ. ಉಳಿದ ಅಳತೆಗಳು: ಒಟ್ಟು ಎತ್ತರ 4 ಮೀಟರ್ ದಾಟಬಾರದು, ಗಡಿಯಿಂದ 2 ಮೀಟರ್ ಒಳಗಿದ್ದರೆ ಸೂರು 3 ಮೀಟರ್ ದಾಟಬಾರದು. ಮೂಲ ಮನೆ ಬಿಟ್ಟು ಉಳಿದ ನಿವೇಶನದ ಅರ್ಧಕ್ಕಿಂತ ಹೆಚ್ಚು ಜಾಗ ತುಂಬಬಾರದು, ತೋಟದ ಶೆಡ್ಡೂ ಲೆಕ್ಕಕ್ಕೆ ಬರುತ್ತದೆ. ಹೊರಗಿನ ಇಟ್ಟಿಗೆ ಹಳೇ ಮನೆಗೆ ಹೊಂದುವಂತಿರಬೇಕು. ಊರಲ್ಲಿ ಸೆಟ್‌ಬ್ಯಾಕ್ ಬಿಡು ಅಂದರೆ ಮೂಗು ಮುರಿಯುತ್ತಿದ್ದ ನಾನು ಇಲ್ಲಿ ಸೆಂಟಿಮೀಟರ್ ಲೆಕ್ಕ ಹಾಕುತ್ತಾ ಕೂತಿದ್ದೆ.

ಹೆಂಡತಿಗೆ ದೇವರಕೋಣೆಗೆ ಅಂತ ಮನೆಯ ಪಕ್ಕದಲ್ಲಿ ಒಂದು ಮೂಲೆ ಬೇಕಿತ್ತು. ಹಿಂದಿನ ಕೋಣೆಯನ್ನೇ ಎಲ್ ಆಕಾರದಲ್ಲಿ ಪಕ್ಕಕ್ಕೆ ತಿರುಗಿಸಿದರಾಯಿತು, ಅಲ್ವಾ? ಆಗಲ್ಲ. ಪಕ್ಕಕ್ಕೆ ತಿರುಗಿದ ಕೂಡಲೇ ಅದು ಪಕ್ಕದ ವಿಸ್ತರಣೆಯೂ ಆಗುತ್ತದೆ. ಆಗ ಅಗಲ ಮೂಲ ಮನೆಯ ಅಗಲದ ಅರ್ಧ ದಾಟಬಾರದು. ಹಿಂದಿನದೂ ಪಕ್ಕದ್ದೂ ಸೇರಿ ಒಂದೇ ಕಟ್ಟಡವಾದರೆ ನಮ್ಮಂಥ ಮನೆಯಲ್ಲಿ ದಾಟಿಯೇ ದಾಟುತ್ತದೆ. ಅದಕ್ಕೆ ಪೂರ್ತಿ ಅರ್ಜಿಯೇ ಬೇಕು. ದೇವರು ಈಗ ಅಡುಗೆಮನೆಯ ಮೇಲಿನ ಕಪಾಟಿನಲ್ಲಿದ್ದಾರೆ.

ಪ್ಲಾನಿಂಗ್ ಬೇಡ ಅಂದರೆ ಯಾರೂ ಬಂದು ನೋಡಲ್ಲ ಅಂತಲ್ಲ. ಕಟ್ಟುವ ನಿಯಮ, ಅಂದರೆ ಬಿಲ್ಡಿಂಗ್ ರೆಗ್ಯುಲೇಷನ್ಸ್, ಬೇರೆಯೇ. ಪಾಯ ಒಂದು ಮೀಟರ್ ತೋಡಿ ಮೇಸ್ತ್ರಿ ಕಾಂಕ್ರೀಟ್ ಲಾರಿಗೆ ಹೇಳಿಬಿಟ್ಟಿದ್ದ. ಇನ್‌ಸ್ಪೆಕ್ಟರ್ ಬಂದು ಗುಂಡಿಯಿಂದ ಒಂದು ಹಿಡಿ ಜೇಡಿಮಣ್ಣು ತೆಗೆದು ಹಿಚುಕಿದರು, ಅಜ್ಜಿಯ ಸೇಬಿನ ಮರದ ಕಡೆ ನೋಡಿದರು, 'ಇನ್ನೂ ಅರ್ಧ ಮೀಟರ್' ಅಂದರು. ಮರ ನೀರು ಹೀರಿದಂತೆ ಜೇಡಿಮಣ್ಣು ಕುಗ್ಗಿ ಪಾಯ ಕೂರುತ್ತದಂತೆ. ಲಾರಿ ವಾಪಸ್, ಜೇಬೂ ಖಾಲಿ.

ಆಳ ಹೆಚ್ಚಿದ್ದಕ್ಕೆ ನನ್ನ ಎದೆ ಹೊಡೆದುಕೊಳ್ಳಲಿಲ್ಲ, ಯಾಕೆಂದರೆ ಪಾರ್ಟಿ ವಾಲ್ ಕಾಗದ, ಅಂದರೆ ನಡುಗೋಡೆ, ಪಾಯಗಳ ಕೆಲಸಕ್ಕೆ ನೆರೆಯವರ ಒಪ್ಪಿಗೆ, ಮೊದಲೇ ಆಗಿತ್ತು. 1996ರ ಕಾಯಿದೆ. ನೆರೆಮನೆಯಿಂದ 3 ಮೀಟರ್ ಒಳಗೆ ಅವರ ಪಾಯಕ್ಕಿಂತ ಆಳಕ್ಕೆ ತೋಡುವುದಿದ್ದರೆ ಒಂದು ತಿಂಗಳು ಮೊದಲು ನೋಟಿಸ್ ಕೊಡಬೇಕು. 14 ದಿನದಲ್ಲಿ ಒಪ್ಪಿಗೆ ಬರೆದು ಕೊಡದಿದ್ದರೆ ತಕರಾರು ಅಂತಲೇ ಲೆಕ್ಕ, ಆಮೇಲೆ ಸರ್ವೇಯರ್‌ಗಳ ಖರ್ಚು ಸಾಮಾನ್ಯವಾಗಿ ಕಟ್ಟಿಸುವವರ ತಲೆಗೆ. ಅಜ್ಜಿ ಚಕ್ಕುಲಿ ತಿನ್ನುತ್ತಲೇ ಸಹಿ ಹಾಕಿದ್ದರು.

ಹಿತ್ತಿಲ ಮೋರಿ ಮುಚ್ಚಳ ಇನ್ನೊಂದು ಕಥೆ. ಎರಡೂ ಮನೆಯ ನೀರು ಹೋಗುವ ಪೈಪು 2011ರ ಅಕ್ಟೋಬರ್‌ನಿಂದ ನೀರಿನ ಕಂಪನಿಯದು. ಅದರ ಮೇಲೆ ಕಟ್ಟಲು ಅವರ ಒಪ್ಪಿಗೆಯೂ ಬೇಕು. ತಗೊಂಡೆ.

ಕೆಲಸ ಶುರುವಾಗುವ ಮೊದಲು 103 ಪೌಂಡ್ ಕಟ್ಟಿ ಲಾಫುಲ್ ಡೆವಲಪ್‌ಮೆಂಟ್ ಸರ್ಟಿಫಿಕೇಟ್, ಅಂದರೆ ಕಟ್ಟುವುದು ಕಾನೂನುಬದ್ಧ ಅಂತ ಕೌನ್ಸಿಲ್ ಕೊಡುವ ಪತ್ರ, ಕೂಡ ತೆಗೆಸಿದೆ. ಕಡ್ಡಾಯ ಅಲ್ಲ. ಆದರೆ ನಾಳೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಕೇಳುವುದು ಇದನ್ನೇ. ಮುಗಿದ ಮೇಲೆ ಮುಗಿಯಿತು ಅಂತ ಕೌನ್ಸಿಲ್‌ಗೆ ಬರೆದು ತಿಳಿಸುವುದೂ ಆ 6 ಮೀಟರ್ ದಾರಿಯ ಷರತ್ತು. ನಾನು ಅದನ್ನು ಮರೆತು, ಎರಡು ತಿಂಗಳ ಮೇಲೆ ನೆನಪಾಗಿ ಓಡಿ ಕಳಿಸಿದೆ.

ಹಳೇ ಭಾಗ ಕೆಡವಿದ ದಿನ, ಮೂಲ ಗೋಡೆಗೆ ಟೇಪು ಹಚ್ಚಿ ಒಂದು ಫೋಟೊ ತೆಗೆದಿದ್ದೇನೆ. ಆ ಗೋಡೆ ಈಗ ಇಲ್ಲ, ಅಲ್ಲೊಂದು ಉಕ್ಕಿನ ತೊಲೆ ಇದೆ. ಮುಂದೆ ಯಾರಾದರೂ ಎಲ್ಲಿಂದ ಅಳೆದೆ ಅಂತ ಕೇಳಿದರೆ ತೋರಿಸಲು ನನ್ನ ಹತ್ತಿರ ಇರುವುದು ಅದೊಂದೇ.