ಹಳೆಯ ಯೆಹೂದಿ ಧರ್ಮತೀರ್ಪನ್ನು ಓದುವುದು ಹೇಗೆ?

ಯೆಹೂದಿ ಧರ್ಮಶಾಸ್ತ್ರವನ್ನು ಹಲಾಖಾ ಎನ್ನುತ್ತಾರೆ. ಅದರ ಬಹುಭಾಗ ಬೆಳೆದದ್ದು ಪಂಡಿತರು ತಮಗೆ ಬಂದ ಸಂಶಯಗಳಿಗೆ ಬರೆದು ಕಳುಹಿಸಿದ ಉತ್ತರಗಳಿಂದ. ರದ್‌ಬಾಜ್ ಎಂದೇ ಹೆಸರಾದ ದಾವಿದ್ ಇಬ್ನ್ ಝಿಮ್ರಾ ಒಬ್ಬರೇ ಇಂಥ ಎರಡು ಸಾವಿರಕ್ಕೂ ಹೆಚ್ಚು ಉತ್ತರಗಳನ್ನು ಬರೆದಿದ್ದಾರೆ. ನಾಲ್ಕನೆಯ ಸಂಪುಟದ 219ನೆಯ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದುವ ಕ್ರಮವನ್ನು ನೋಡೋಣ.

ಮೊದಲು, ಬರೆದವರು ಎಲ್ಲಿದ್ದರು ಎಂಬುದನ್ನು ತಿಳಿದುಕೊಳ್ಳಿ. ರದ್‌ಬಾಜ್ ಹುಟ್ಟಿದ್ದು ಸ್ಪೇನಿನಲ್ಲಿ. 1492ರಲ್ಲಿ ಯೆಹೂದಿಗಳನ್ನು ಅಲ್ಲಿಂದ ಹೊರಹಾಕಿದಾಗ ಅವರಿನ್ನೂ ಬಾಲಕ. ಮುಂದೆ ಕೈರೋದಲ್ಲಿ ದಶಕಗಳ ಕಾಲ ಯೆಹೂದಿ ಸಮುದಾಯದ ಮುಖ್ಯಸ್ಥರಾಗಿದ್ದು, 1573ರಲ್ಲಿ ಇಂದಿನ ಇಸ್ರೇಲಿನ ಸಫೇದ್‌ನಲ್ಲಿ ತೀರಿಕೊಂಡರು. ಹಬಶ್ ನಾಡಿನ, ಅಂದರೆ ಇಂದಿನ ಇಥಿಯೋಪಿಯದ, ಯುದ್ಧಗಳಲ್ಲಿ ಸೆರೆಸಿಕ್ಕವರನ್ನು ಈಜಿಪ್ಟಿನ ಸಂತೆಗಳಲ್ಲಿ ಮಾರುತ್ತಿದ್ದರು. ಆದ್ದರಿಂದ ಈ ಪ್ರಶ್ನೆ ಗ್ರಂಥದಿಂದ ಹುಟ್ಟಿದ್ದಲ್ಲ, ಬೀದಿಯಿಂದ ಬಂದದ್ದು.

ಎರಡನೆಯದಾಗಿ, ಸಂಗತಿಯನ್ನು ವಾದದಿಂದ ಬೇರ್ಪಡಿಸಿಕೊಳ್ಳಿ. ಸೆರೆಯಾಗಿ ಬಂದ ಹಬಶ್ ಹೆಂಗಸೊಬ್ಬಳನ್ನು ರೂವೇನ್ ಎಂಬಾತ ಕೊಂಡುಕೊಂಡ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ದೇವದತ್ತ ಬರುವಂತೆ ಇಲ್ಲಿ ರೂವೇನ್ ಬರುತ್ತಾನೆ. ಅದು ನಿಜವಾದ ಹೆಸರೆಂದು ಭಾವಿಸಬೇಕಾಗಿಲ್ಲ. ತನಗೆ ಮದುವೆಯಾಗಿತ್ತೆಂದೂ, ಶತ್ರುಗಳು ನುಗ್ಗಿ ಪ್ರಾರ್ಥನಾಮಂದಿರದಲ್ಲಿದ್ದವರನ್ನೆಲ್ಲ ಕೊಂದು ಹೆಂಗಸರು ಮಕ್ಕಳನ್ನು ಹಿಡಿದೊಯ್ದರೆಂದೂ ಆಕೆ ಹೇಳಿದಳು. ರೂವೇನ್‌ನಿಂದ ಅವಳಿಗೊಬ್ಬ ಮಗ ಹುಟ್ಟಿದ. ಬೆಳೆದು ನಿಂತ ಆ ಮಗ ಯೆಹೂದಿ ಮನೆತನದಲ್ಲಿ ಮದುವೆಯಾಗಬಹುದೇ ಎಂಬುದೇ ಪ್ರಶ್ನೆ.

ಮೂರನೆಯದಾಗಿ, ವಂಶದ ಮಾತಿಗೆ ಆಧಾರವೇನೆಂದು ಕೇಳಿ. ಆಕೆ ದಾನ್ ಕುಲದವಳು ಎಂದು ರದ್‌ಬಾಜ್ ಒಪ್ಪುತ್ತಾರೆ. ಪ್ರಾಚೀನ ಇಸ್ರೇಲಿನ ಹನ್ನೆರಡು ಕುಲಗಳ ಪೈಕಿ ಗಡಿಪಾರಾಗಿ ಕಳೆದುಹೋದವೆನ್ನುವ ಹತ್ತರಲ್ಲಿ ದಾನ್ ಒಂದು. ಅದು ಕೂಶ್ ನಾಡಿನಲ್ಲಿ, ಅಂದರೆ ಈಜಿಪ್ಟಿನ ದಕ್ಷಿಣಕ್ಕೆ ಇಥಿಯೋಪಿಯದ ಕಡೆ, ಇದೆ ಎಂಬ ಮಾತನ್ನು ಹಬ್ಬಿಸಿದವನು 9ನೇ ಶತಮಾನದ ಪ್ರವಾಸಿ ಎಲ್ದಾದ್ ಹ-ದಾನಿ. ಅವನು ಹೇಳಿದ ಪಶುವಧೆಯ ನಿಯಮಗಳು ತಮ್ಮವಕ್ಕಿಂತ ಬೇರೆಯಾಗಿದ್ದುದನ್ನು ಕಂಡು ಗಾಬರಿಯಾದ ಉತ್ತರ ಆಫ್ರಿಕದ ಕೈರವಾನಿನ ಯೆಹೂದಿಗಳು ಬ್ಯಾಬಿಲೋನಿಯದ ಗುರುಗಳಿಗೆ ಪತ್ರ ಬರೆದಿದ್ದರು. ಇಥಿಯೋಪಿಯದ ಈ ಸಮುದಾಯ 14ರಿಂದ 16ನೇ ಶತಮಾನದ ನಡುವೆ ಅಲ್ಲಿಯೇ ರೂಪುಗೊಂಡಿತೆಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಹೀಗಿರುವಾಗ ಈ ತೀರ್ಪನ್ನು ವಂಶಾವಳಿಯ ದಾಖಲೆಯೆಂದು ಓದಿದರೆ ದಾರಿ ತಪ್ಪುತ್ತದೆ.

ನಾಲ್ಕನೆಯ ಹೆಜ್ಜೆಯಲ್ಲಿ ಅವಸರ ಬೇಡ: ಒಪ್ಪಿಕೊಂಡ ವಂಶ ಕಾನೂನಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಗಮನಿಸಿ. ಕುಲ ಸಿಕ್ಕಿದರೆ ಗೌರವವೂ ಸಿಕ್ಕಂತೆ ಎಂದು ನಾವು ಎಣಿಸುತ್ತೇವೆ. ಇಲ್ಲಿ ಆದದ್ದು ಬೇರೆ. ಆಕೆ ಅನ್ಯಮತದ ದಾಸಿಯಾಗಿದ್ದರೆ ಮಗನನ್ನು ವಿಧಿಪೂರ್ವಕವಾಗಿ ದಾಸ್ಯದಿಂದ ಬಿಡಿಸಿ ಸಮುದಾಯಕ್ಕೆ ಸೇರಿಸಿಕೊಳ್ಳಬಹುದಿತ್ತು. ಯೆಹೂದಿಯೆಂದಾದ ಕೂಡಲೇ ಅವಳ ಮೊದಲ ಮದುವೆಗೆ ಬೆಲೆ ಬಂತು. ಗಂಡ ಸತ್ತದ್ದಕ್ಕೆ ಸಾಕ್ಷಿ ಬೇಕಾಯಿತು. ಅವನು ಬದುಕಿದ್ದರೆ ಮಗ ಮಮ್ಜೇರ್, ಎಂದರೆ ನಿಷಿದ್ಧ ಸಂಬಂಧದಲ್ಲಿ ಹುಟ್ಟಿ ಸಮುದಾಯದಲ್ಲಿ ಮದುವೆಯ ಹಕ್ಕು ಕಳೆದುಕೊಂಡವನು. ಸಾಲದ್ದಕ್ಕೆ, ಆಕೆಯ ಜನ ಲಿಖಿತ ಶಾಸ್ತ್ರವನ್ನಷ್ಟೇ ಬಲ್ಲವರು, ಪಂಡಿತರ ಮೌಖಿಕ ಪರಂಪರೆಯನ್ನು ಅರಿಯದವರು, ಶಬ್ಬಾತಿನ, ಎಂದರೆ ವಾರದ ವಿಶ್ರಾಂತಿ ದಿನದ, ದೀಪವನ್ನೂ ಹಚ್ಚದವರು ಎಂದು ರದ್‌ಬಾಜ್ ಬರೆಯುತ್ತಾರೆ. ಇಂಥವರ ಮದುವೆ ಊರ್ಜಿತ, ವಿಚ್ಛೇದನ ಅನೂರ್ಜಿತ ಎಂಬ ಸಂದೇಹ ಅಲ್ಲಿಂದ ಏಳುತ್ತದೆ; ಹಾಗಾದರೆ ವಿಚ್ಛೇದಿತೆಯ ಮರುಮದುವೆಯಲ್ಲಿ ಹುಟ್ಟಿದವರೂ ಮಮ್ಜೇರ್ ಆಗಬಹುದು. ತಾಯಿಗೆ ಮನ್ನಣೆ ತಂದ ಕುಲವೇ ಮಗನ ಕಾಲಿಗೆ ತೊಡಕಾಯಿತು.

ಆದರೆ ಒಂದೇ ಉತ್ತರವನ್ನು ಓದಿ ನಿಲ್ಲಿಸಬಾರದು. ಏಳನೆಯ ಸಂಪುಟದ ಐದನೆಯ ಪ್ರಶ್ನೆಯಲ್ಲಿ ಅದೇ ಪಂಡಿತರು ಈ ಜನರನ್ನು ಅನ್ಯರ ನಡುವೆ ಸೆರೆಸಿಕ್ಕಿ ಬೆಳೆದ ಶಿಶುಗಳಿಗೆ ಹೋಲಿಸುತ್ತಾರೆ. ಅವರ ಮೂಲದ ಬಗ್ಗೆ ಸಂದೇಹವಿದ್ದರೂ ಹಣ ಕೊಟ್ಟು ಬಿಡಿಸುವುದು ಧರ್ಮ ಎನ್ನುತ್ತಾರೆ. ಬಿಡುಗಡೆಗೆ ಸಂದೇಹ ಅಡ್ಡಿಯಲ್ಲ, ಮದುವೆಗೆ ಅಡ್ಡಿ: ಎರಡನ್ನೂ ಒಟ್ಟಿಗೆ ಓದಿದವರಿಗೆ ಮಾತ್ರ ಇದು ಕಾಣುತ್ತದೆ.

ಕೊನೆಯದಾಗಿ, ತೀರ್ಪು ಮುಂದೆ ಎಲ್ಲಿಗೆ ಹೋಯಿತೆಂದು ಹುಡುಕಿ. ಇಸ್ರೇಲಿನ ಸೆಫಾರ್ದಿಗಳ, ಅಂದರೆ ಸ್ಪೇನ್ ಮೂಲದ ಯೆಹೂದಿ ಪರಂಪರೆಯವರ, ಮುಖ್ಯ ರಬ್ಬಿ (ಧರ್ಮಗುರು) ಆಗಿದ್ದ ಓವಾದ್ಯಾ ಯೋಸೆಫ್ 1973ರಲ್ಲಿ ರದ್‌ಬಾಜ್ ಮಾತನ್ನೇ ಆಧಾರವಾಗಿಟ್ಟುಕೊಂಡು ಇಥಿಯೋಪಿಯದ ಬೇಟಾ ಇಸ್ರೇಲ್ ಜನರು ದಾನ್ ಕುಲದ ಯೆಹೂದಿಗಳೆಂದು ಸಾರಿದರು. 1975ರಲ್ಲಿ ಸರ್ಕಾರ ಅವರಿಗೆ ಇಸ್ರೇಲಿಗೆ ಬಂದು ನೆಲೆಸುವ ಹಕ್ಕನ್ನು ಒಪ್ಪಿಕೊಂಡಿತು. ಆದರೆ ಮೂಲದ ಸಂದೇಹ ಕಳೆಯಲು ಬಂದವರು ಮದುವೆಗೆ ಮೊದಲು ಮತಾಂತರದ ವಿಧಿಸ್ನಾನ ಮಾಡಬೇಕೆಂದು ಮುಖ್ಯ ರಬ್ಬಿ ಪೀಠ ಪಟ್ಟುಹಿಡಿಯಿತು. 1985ರಲ್ಲಿ ಇಥಿಯೋಪಿಯದ ಯೆಹೂದಿಗಳು ಜೆರುಸಲೇಮಿನಲ್ಲಿ ಆ ಪೀಠದ ಕಚೇರಿಯ ಎದುರು ವಾರಗಟ್ಟಲೆ ಧರಣಿ ಕುಳಿತರು.