ಸಹೋದ್ಯೋಗಿ ವಿಜ್ಞಾನಿಯ ಹೆಸರನ್ನು ಪ್ರಶಸ್ತಿಗೆ ಸೂಚಿಸುವುದು ಹೇಗೆ?

ಪ್ರಶಸ್ತಿಗೆ ಬರೆಯುವ ಶಿಫಾರಸು ಪತ್ರಗಳಲ್ಲಿ ಒಂದು ತಪ್ಪು ಪದೇ ಪದೇ ಕಾಣುತ್ತದೆ. ಗಂಡಸರ ಬಗ್ಗೆ ಬರೆಯುವಾಗ ಸಂಶೋಧನೆಯ ಮಾತು. ಹೆಂಗಸರ ಬಗ್ಗೆ ಬರೆಯುವಾಗ "ಸರಳ ಸ್ವಭಾವ, ಶ್ರಮಜೀವಿ, ಮನೆ, ಮಕ್ಕಳು, ಕೆಲಸ ಎಲ್ಲ ತೂಗಿಸಿದವರು." ಬರೆದವರಿಗೆ ಗೌರವ ಇದ್ದೇ ಇರುತ್ತದೆ. ಆದರೂ ಆಕೆಯ ಕೆಲಸ ಸಮಿತಿಯ ಕಣ್ಣಿಗೆ ಬೀಳುವುದೇ ಇಲ್ಲ.

1. ಪ್ರಶಸ್ತಿ ಆರಿಸಿ. ವಯೋಮಿತಿ, ಕೊನೆಯ ದಿನ, ಹೆಸರು ಸೂಚಿಸಲು ಯಾರಿಗೆ ಅವಕಾಶವಿದೆ, ಇಷ್ಟು ನೋಡಿ. ಹೆರಿಗೆ ರಜೆ ಹಾಕಿದವರಿಗೆ ವಯಸ್ಸಿನಲ್ಲಿ ಸಡಿಲಿಕೆ ಇದೆಯಾ ಎಂದೂ ಓದಿ. "ಸಾಧಕಿ ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ, ಶುಲ್ಕ ಕಟ್ಟಿ" ಎನ್ನುವ ಇಮೇಲ್‌ಗಳನ್ನು ಮಾತ್ರ ತಕ್ಷಣ ಅಳಿಸಿ. ಅದು ಫಲಕ ಮಾರುವ ವ್ಯಾಪಾರ.

2. ಅವರನ್ನೇ ಕೇಳಿ. ಒಪ್ಪಿಗೆ, ಹೊಸ ಸಿವಿ, ಅವರಿಗೆ ಮುಖ್ಯ ಎನಿಸುವ ಮೂರು ಕೆಲಸಗಳು ಬೇಕು. "ನೀವೇ ಬರೆದುಕೊಡಿ, ನಾನು ಸಹಿ ಹಾಕುತ್ತೇನೆ" ಅನ್ನಬೇಡಿ. ತುಂಬಾ ಕಡೆ ನಡೆಯುವ ಸುಲಭದ ದಾರಿ ಇದು. ತಮ್ಮ ಬಗ್ಗೆ ತಾವೇ ಬರೆಯಲು ಕೂತವರು ಸಂಕೋಚದಿಂದ ಅರ್ಧ ಕೆಲಸವನ್ನೇ ಬಿಟ್ಟುಬಿಡುತ್ತಾರೆ.

3. ಪತ್ರ ಬರೆಯಿರಿ. ಜಾಸ್ತಿ ಜನ ಎಡವುವುದು ಇಲ್ಲೇ.

ಹವಾಮಾನ ವಿಜ್ಞಾನಿ ಅನ್ನಾ ಮಣಿ ಅವರನ್ನೇ ನೋಡಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಮೇಲೆ ಸಂಶೋಧನೆ ಮಾಡಿದರು. ಎಂ.ಎಸ್ಸಿ. ಇಲ್ಲ ಎಂಬ ಕಾರಣಕ್ಕೆ ಪಿಎಚ್.ಡಿ. ಸಿಗಲಿಲ್ಲ. ಆಮೇಲೆ ಹವಾಮಾನ ಇಲಾಖೆ ಸೇರಿದರು. "ಇಲಾಖೆಯಲ್ಲಿ ನಿಷ್ಠೆಯಿಂದ ದುಡಿದರು" ಎಂದು ಬರೆದರೆ ಓದುವವರಿಗೆ ಏನು ತಿಳಿಯಿತು? ಹೀಗೆ ಬರೆಯಿರಿ: "ಉಪಕರಣಗಳಿಗೆ ಹೊರದೇಶದ ಕಡೆ ನೋಡಬೇಕಿದ್ದ ಕಾಲದಲ್ಲಿ, ಸುಮಾರು 100 ಹವಾಮಾನ ಉಪಕರಣಗಳ ವಿನ್ಯಾಸ ನಕ್ಷೆಗಳನ್ನು ಒಂದು ಮಾನದಂಡಕ್ಕೆ ತಂದು, ಇಲ್ಲೇ ತಯಾರಿಸಲು ದಾರಿ ಮಾಡಿದರು." ಮೊದಲು ಏನಿತ್ತು, ಇವರು ಏನು ಮಾಡಿದರು, ಆಮೇಲೆ ಏನು ಬದಲಾಯಿತು. ಪ್ರತಿ ಪ್ಯಾರಾದಲ್ಲೂ ಈ ಮೂರು ಇರಲೇಬೇಕು.

ಜಂಟಿ ಕೆಲಸವಾದರೆ ಇನ್ನೂ ಎಚ್ಚರ. ಭಾರತೀಯ ವಿಜ್ಞಾನ ಸಂಸ್ಥೆಯ ರಾಜೇಶ್ವರಿ ಚಟರ್ಜಿ ಅವರು ಪತಿಯ ಜೊತೆ ಸೇರಿ ಮೈಕ್ರೋವೇವ್ ಸಂಶೋಧನೆ ನಡೆಸಿದರು. ಇಂಥ ಕಡೆ "ಸಹಕರಿಸಿದರು" ಎಂಬ ಪದ ಬೇಡವೇ ಬೇಡ. ಅವರು ಬರೆದ ಪುಸ್ತಕ ಯಾವುದು, ಯಾರ ಪಿಎಚ್.ಡಿ.ಗೆ ಮಾರ್ಗದರ್ಶನ ಮಾಡಿದರು, ಯಾವ ಲೆಕ್ಕ ಅವರದು, ಬಿಡಿಸಿ ಹೇಳಿ.

ಬರೆದ ಮೇಲೆ ಒಂದೊಂದೇ ವಾಕ್ಯ ಓದಿ. ಪಕ್ಕದ ಲ್ಯಾಬಿನ ಸರ್ ಬಗ್ಗೆ ಇದನ್ನೇ ಬರೆಯುತ್ತಿದ್ದಿರಾ? ಇಲ್ಲ ಅಂದರೆ ಹೊಡೆದುಹಾಕಿ. "ಮಹಿಳೆಯಾಗಿದ್ದರೂ" ಎಂಬುದು ಮೊದಲು ಹೋಗಬೇಕು. ಅವರನ್ನು ಕರೆಯುವುದು ಉದ್ದಕ್ಕೂ "ಡಾ." ಎಂದೇ ಇರಲಿ, ಬರೀ ಹೆಸರು ಬೇಡ. ಇಂಟರ್ನೆಟ್ಟಿನ ರೆಡಿಮೇಡ್ ಪತ್ರಗಳನ್ನು ಮುಟ್ಟಬೇಡಿ, ಅವುಗಳಲ್ಲಿ ಹೊಗಳಿಕೆ ಬಿಟ್ಟರೆ ಬೇರೇನಿಲ್ಲ. ಒಂದೂವರೆ ಪುಟ ಸಾಕು.

4. ಕಳಿಸಿ. ಕೊನೆಯ ದಿನಕ್ಕೆ ಒಂದು ವಾರ ಮೊದಲೇ. ಸಿಗದಿದ್ದರೆ ಆ ಕಡತ ಎಸೆಯಬೇಡಿ. ಹೊಸ ಕೆಲಸ ಸೇರಿಸಿ, ನಿಯಮ ಒಪ್ಪಿದರೆ ಮುಂದಿನ ವರ್ಷ ಮತ್ತೆ ಕಳಿಸಿ.